ಬಿಸಿಲಿಗೆ ಬೆನ್ನು ಹಾಕಿದ ಅಂಗಳ

ಎಪ್ಪಿಂಗ್

ಜುಲೈ ತಿಂಗಳಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟವಳಿಗೆ ಮೈಸೂರಿನಲ್ಲಿ ಬುದ್ಧಿ ಹೇಳದವರೇ ಇರಲಿಲ್ಲ. 'ಅಲ್ಲಿ ಎಲ್ಲ ಉಲ್ಟಾ ಮೇಡಂ, ಈಗ ಚಳಿಗಾಲ' ಎಂದು ಹಾಲು ಹಾಕುವವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್‌ವರೆಗೆ ಎಲ್ಲರೂ ಹೇಳಿದರು. ನಾನೂ ಸ್ವೆಟರು, ಶಾಲು, ಮಂಕಿ ಕ್ಯಾಪು ಎಲ್ಲವನ್ನೂ ಏರಿಸಿಕೊಂಡು ಸಿಡ್ನಿಯಲ್ಲಿ ಇಳಿದೆ. ಉಲ್ಟಾ ಆಗುವುದು ಚಳಿ, ಸೆಕೆ ಮಾತ್ರವಲ್ಲ ಎಂದು ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಕಟ್ಟಡಗಳ ಚರಿತ್ರೆ ಕಲಿಸಿ ನಿವೃತ್ತಳಾದವಳು. ನನ್ನ ಕ್ಲಾಸಿನಲ್ಲಿ ತೂಕಡಿಸಿದವರೆಲ್ಲ ಇವತ್ತು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟು ಎಬ್ಬಿಸಿದ್ದಾರೆ. ನಾನು ಮಾತ್ರ ಜನ್ಮದಲ್ಲಿ ಒಂದು ಕೋಳಿಗೂಡನ್ನೂ ಕಟ್ಟಿಸಿದವಳಲ್ಲ. ಇರುವ ಮನೆಯೂ ಅಪ್ಪ ಕಟ್ಟಿಸಿದ್ದು. ಹೀಗಿರುವಾಗ ಮೆಲ್ಬರ್ನ್‌ನಲ್ಲಿರುವ ಅಣ್ಣನ ಮಗಳು ಸುಮಾ ಒಂದು ದಿನ ಫೋನು ಮಾಡಿ, "ಅತ್ತೆ, ಟಾರ್ನೀಟ್‌ನಲ್ಲಿ ಲ್ಯಾಂಡ್ ತಗೊಂಡಿದೀವಿ. ನಡುವೆ ಅಂಗಳ ಇರೋ ಮನೆ ಬೇಕು ಅಂತ ಆಸೆ. ನೀವೇ ಪ್ಲಾನ್ ಹಾಕ್ಕೊಡ್ತೀರಾ?" ಎಂದಳು. ಹಾಕಿಕೊಡುತ್ತೀರಾ ಅಂತೆ! ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಾನು ಗೆರೆ ಎಳೆದದ್ದನ್ನು ಯಾರೋ ಇಟ್ಟಿಗೆಯಲ್ಲಿ ಕಟ್ಟುತ್ತಾರೆ, ಅದರಲ್ಲಿ ಜನ ಓಡಾಡುತ್ತಾರೆ ಎನ್ನುವುದು ತಲೆಯಿಂದ ಇಳಿಯಲೇ ಇಲ್ಲ.

ಮೆಲ್ಬರ್ನ್‌ಗೆ ಹೋಗುವ ಮೊದಲು ಸಿಡ್ನಿಯ ಎಪ್ಪಿಂಗ್‌ನಲ್ಲಿ ಶಾರದೆಯ ಮನೆಯಲ್ಲಿ ಕೆಲವು ದಿನ ಉಳಿದೆ. ಶಾರದೆ ನನ್ನ ಹೈಸ್ಕೂಲ್ ಗೆಳತಿ, ಡಾಕ್ಟರಾಗಿದ್ದು ಈಗ ರಿಟೈರ್ ಆಗಿದ್ದಾಳೆ. ಬಾಗಿಲು ತೆರೆದ ಕೂಡಲೇ ಅವಳು ಫ್ಲ್ಯಾಟ್ ತೋರಿಸುತ್ತ, "ನಮ್ಮದು ನಾರ್ತ್ ಫೇಸಿಂಗ್ ಯೂನಿಟ್ ಕಣೇ. ಇಲ್ಲಿ ಅದಕ್ಕೆ ರೇಟೇ ಬೇರೆ" ಎಂದು ಜಂಬ ಕೊಚ್ಚಿಕೊಂಡಳು. ಉತ್ತರ ಎಂದರೆ ಕುಬೇರನ ದಿಕ್ಕಲ್ಲವೇ? ಬಿಳಿಯರ ದೇಶಕ್ಕೂ ನಮ್ಮ ವಾಸ್ತು ಬಂದುಬಿಟ್ಟಿದೆ ಎಂದು ಹೆಮ್ಮೆಪಟ್ಟುಕೊಂಡು ಸುಮ್ಮನಾದೆ. ಯಾಕೆ ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಅವಳ ಊಟದ ಮೇಜಿನ ಮೇಲೆ ಬಟರ್ ಪೇಪರ್ ಹಾಸಿಕೊಂಡು ನಕ್ಷೆ ಶುರು ಮಾಡಿದೆ. ಆ ಮನೆಗೆ ನಾನು ಆರಿಸಿಕೊಂಡ ಮಾದರಿ ಕೇಳಿದರೆ ನೀವು ನಗಬಹುದು: ಮಧ್ಯಯುಗದ ಸಿಸ್ಟರ್ಸಿಯನ್ ಮಠ.

ಯುರೋಪಿನಲ್ಲಿ ಹನ್ನೊಂದನೇ ಶತಮಾನದ ಕೊನೆಗೆ ಕೆಲವು ಕ್ರೈಸ್ತ ಸನ್ಯಾಸಿಗಳಿಗೆ ತಮ್ಮ ಮಠಗಳ ವೈಭವ ಸಾಕಾಯಿತು. ಎದ್ದು ಫ್ರಾನ್ಸಿನ ಒಂದು ಜವುಗು ಕಾಡಿಗೆ ಹೋಗಿ ಹೊಸ ಮಠ ಕಟ್ಟಿಕೊಂಡರು. ಅವರ ಪಂಥವೇ ಸಿಸ್ಟರ್ಸಿಯನ್. ಬಣ್ಣ ಹಾಕದ ಉಣ್ಣೆಯ ಬಟ್ಟೆ. ಗೋಡೆಯ ಮೇಲೆ ಚಿತ್ರವಿಲ್ಲ, ಕಿಟಕಿಗೆ ಬಣ್ಣದ ಗಾಜಿಲ್ಲ, ದೊಡ್ಡ ಗೋಪುರವಿಲ್ಲ. ಕಲ್ಲು ಮತ್ತು ಬೆಳಕು, ಅಷ್ಟೇ. ಬೇಕಾದಷ್ಟೇ ಮಾತು, ಮಿಕ್ಕಿದ್ದಕ್ಕೆ ಕೈಸನ್ನೆ. ಈ ಪಂಥ ಯುರೋಪಿನ ತುಂಬ ಹರಡಿದಾಗ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ನಕ್ಷೆಯಲ್ಲಿ ಮಠ ಕಟ್ಟಿದರು. ಒಂದು ಮಠದ ಸನ್ಯಾಸಿ ಇನ್ನೊಂದಕ್ಕೆ ಹೋದರೆ ಕತ್ತಲಲ್ಲೂ ಊಟದ ಮನೆ ಹುಡುಕಬಹುದಿತ್ತು ಎಂದು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ತೂಕಡಿಸುತ್ತಿದ್ದವರು ಊಟದ ಮಾತಿಗೆ ಕಣ್ಣು ಬಿಡುತ್ತಿದ್ದರು.

ಆ ನಕ್ಷೆಯ ಗುಟ್ಟು ನಡುವಿನ ಅಂಗಳ. ಎತ್ತರದ ಚರ್ಚು ಉತ್ತರಕ್ಕೆ, ಅಂಗಳ ಅದರ ದಕ್ಷಿಣಕ್ಕೆ. ಚರ್ಚು ಉತ್ತರದ ಚಳಿಗಾಳಿಯನ್ನು ತಡೆಯುತ್ತದೆ, ದಕ್ಷಿಣದಿಂದ ಬರುವ ಬಿಸಿಲು ಅಂಗಳಕ್ಕೆ ಬೀಳುತ್ತದೆ. ಸುತ್ತಲೂ ಕಮಾನಿನ ಜಗಲಿ. ಸನ್ಯಾಸಿಗಳು ಅಲ್ಲೇ ಓದಬೇಕು, ನಡೆದಾಡಬೇಕು, ಬಟ್ಟೆ ಒಗೆಯಬೇಕು. ಇಡೀ ಮಠದಲ್ಲಿ ಮೈ ಕಾಯಿಸಿಕೊಳ್ಳಲು ಬೆಂಕಿ ಹಾಕುವ ಕೋಣೆ ಒಂದೇ ಒಂದು, ಅದು ಆಗ್ನೇಯದ ಕಡೆಗೆ.

"ಆಗ್ನೇಯಕ್ಕಾ? ಅಗ್ನಿಮೂಲೆ!" ಎಂದಳು ಶಾರದೆ, ಸೌತೆಕಾಯಿ ಹೆಚ್ಚುವುದನ್ನು ಬಿಟ್ಟು.

"ಅದೇ ನೋಡು ಮಜಾ. ಚರ್ಚಿನ ಗರ್ಭಗುಡಿ ಪೂರ್ವದ ತುದಿಗೆ ಇರತ್ತೆ. ಇಡೀ ಮಠಕ್ಕೆ ಅದು ಯಾವ ಮೂಲೆ ಆಯ್ತು?"

"ಈಶಾನ್ಯ!"

"ದೇವರು ಈಶಾನ್ಯದಲ್ಲಿ, ಒಲೆ ಆಗ್ನೇಯದಲ್ಲಿ. ಸುಮಾನ ಗಂಡನ ಅಮ್ಮಂಗೆ ಇನ್ನೇನು ಬೇಕು?"

ಸುಮಾಳ ಗಂಡ ಮಹೇಶ ದಾವಣಗೆರೆಯವನು. ಅವನ ತಾಯಿ ಮನೆ ವಿಷಯದಲ್ಲಿ ಇಟ್ಟಿದ್ದ ಷರತ್ತು ಆ ಎರಡೇ. ಸಾವಿರ ವರ್ಷದ ಹಿಂದಿನ ಸನ್ಯಾಸಿಗಳು ದಾವಣಗೆರೆಯ ಬೀಗಿತ್ತಿಯ ಷರತ್ತನ್ನು ಮೊದಲೇ ಪೂರೈಸಿಟ್ಟಿದ್ದಾರೆ ಎಂದರೆ ಯಾವ ಮೇಷ್ಟ್ರಿಗೆ ತಾನೇ ತಲೆ ತಿರುಗದು? ಚಳಿ ದೇಶಕ್ಕೆ ಚಳಿ ದೇಶದ್ದೇ ನಕ್ಷೆ. ಚರ್ಚಿದ್ದ ಜಾಗದಲ್ಲಿ ಎರಡಂತಸ್ತಿನ ಮಲಗುವ ಕೋಣೆಗಳನ್ನು ಕೂರಿಸಿದೆ. ದಕ್ಷಿಣಕ್ಕೆ ಅಂಗಳ, ಸುತ್ತ ಜಗಲಿ.

"ಸನ್ಯಾಸಿಗಳ ಪ್ಲಾನಲ್ಲಿ ಗಂಡ ಹೆಂಡ್ತಿ ಇರಬಹುದೇನೇ?" ಎಂದು ಶಾರದೆ ಕೇಳಿದಳು. ನಾನು ಸ್ಕೇಲಿನಲ್ಲಿ ಅವಳ ಕೈಗೆ ಒಂದು ಕೊಟ್ಟೆ.

ನಾರ್ತ್ ಸಿಡ್ನಿ

ಶಾರದೆ ನನ್ನನ್ನು ಟ್ರೈನಿನಲ್ಲಿ ನಾರ್ತ್ ಸಿಡ್ನಿಗೆ ಕರೆದುಕೊಂಡು ಹೋದಳು. ಅಲ್ಲಿಂದ ದೊಡ್ಡ ಸೇತುವೆಯನ್ನು ನಡೆದೇ ದಾಟಬೇಕೆಂಬುದು ಅವಳ ಹಟ. ಗಾಳಿಗೆ ನನ್ನ ಮಂಕಿ ಕ್ಯಾಪು ಹಾರಿ ಸಮುದ್ರದ ಪಾಲಾಯಿತು. ಅದನ್ನು ಬಿಟ್ಟರೆ ಸೇತುವೆ ಚೆನ್ನಾಗಿದೆ.

ನನಗೆ ನೆನಪಿರುವುದು ಸೇತುವೆಗಿಂತ ಆಫೀಸಿನವರು. ಮಧ್ಯಾಹ್ನ ಆಗುತ್ತಲೇ ಕಪ್ಪು ಕೋಟಿನ ಗಂಡಸರು, ಹೆಂಗಸರು ಕೈಯಲ್ಲಿ ಡಬ್ಬಿ ಹಿಡಿದು ಕಟ್ಟಡಗಳಿಂದ ಹೊರಗೆ ಬಂದರು. ಎಲ್ಲರೂ ಚೌಕದ ಒಂದೇ ಬದಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಬಿಸಿಲು ಇದ್ದದ್ದು ಅಲ್ಲಿ ಮಾತ್ರ. ಎಲ್ಲರ ಕಿವಿಯಲ್ಲೂ ವಯರು. ಪಕ್ಕದವರ ಜೊತೆ ಮಾತಿಲ್ಲ, ಕತೆಯಿಲ್ಲ. ಸಿಸ್ಟರ್ಸಿಯನ್ ಊಟದ ಮನೆಯಲ್ಲೂ ಹೀಗೇ. ಒಬ್ಬ ಗೋಡೆಯ ಗೂಡಿನಂಥ ಪೀಠದಲ್ಲಿ ನಿಂತು ಧರ್ಮಗ್ರಂಥ ಓದುತ್ತಾನೆ, ಮಿಕ್ಕವರು ಕೇಳುತ್ತ ಬಾಯಿ ಬಿಡದೆ ಉಣ್ಣುತ್ತಾರೆ. ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ ಆ ಸನ್ಯಾಸಿಗಳನ್ನು ಒಮ್ಮೆ ಕೂರಿಸಬೇಕು ಎಂದು ಶಾರದೆಗೆ ಹೇಳಿದೆ. ಅವಳು ನಕ್ಕ ಸದ್ದಿಗೆ ಕಿವಿಯ ವಯರು ಕಿತ್ತು ಇಬ್ಬರು ಮೂವರು ತಿರುಗಿ ನೋಡಿದರು.

ಅವರು ಆ ಬದಿಯಲ್ಲೇ ಯಾಕೆ ಕೂತರು, ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಎಂದು ಆಗಲೇ ನೋಡಬಹುದಿತ್ತು. ನೋಡಿದರೂ ನನಗೆ ಹೊಳೆಯುತ್ತಿತ್ತೋ ಇಲ್ಲವೋ. ನಮ್ಮ ಮೈಸೂರಿನಲ್ಲೂ ಆಷಾಢದ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕೇ ಇರುತ್ತಾನೆ. ಕಣ್ಣಿಗೆ ಅದು ಹೊಸದಲ್ಲ.

ಟಾರ್ನೀಟ್

ಮೆಲ್ಬರ್ನ್ ವಿಮಾನ ಹತ್ತುವಾಗ ನನ್ನ ನಕ್ಷೆಯ ಕೊಳವೆಯನ್ನು ಸೆಕ್ಯುರಿಟಿಯವರು ಹಿಡಿದರು. ಸುಮಾಳಿಗೆಂದು ಶಾರದೆ ಅದರೊಳಗೆ ಒಂದು ಲಟ್ಟಣಿಗೆ ತೂರಿಸಿದ್ದಳು. ಅಧಿಕಾರಿಣಿ ಅದನ್ನು ತೂಗಿ ನೋಡಿ, ಇದು ಆಯುಧ ಎಂದು ತೀರ್ಪು ಕೊಟ್ಟಳು. ಸಂಸಾರದಲ್ಲಿ ಪಳಗಿದ ಹೆಂಗಸೇ ಇರಬೇಕು. ಲಟ್ಟಣಿಗೆ ಸಿಡ್ನಿಯಲ್ಲೇ ಉಳಿಯಿತು, ನಕ್ಷೆ ನನ್ನ ಜೊತೆ ಬಂತು.

ಟಾರ್ನೀಟ್ ಎಂದರೆ ಹೊಸ ಬಡಾವಣೆಗಳ ಸಮುದ್ರ. ಕಣ್ಣು ಹಾಯಿಸಿದಷ್ಟೂ ಬಯಲು, ಬಯಲಿನಲ್ಲಿ ಮರದ ಚೌಕಟ್ಟು, ಚೌಕಟ್ಟಿನಿಂದ ಹುಟ್ಟುತ್ತಿರುವ ಅಣ್ಣತಮ್ಮಂದಿರಂಥ ಮನೆಗಳು. ಇಂಡಿಯನ್ ಅಂಗಡಿಯಲ್ಲಿ ಚಿತ್ರಾನ್ನಕ್ಕೆ ಕಡಲೆಬೀಜ, ಕರಿಬೇವು ಎರಡೂ ಸಿಕ್ಕಿದವು. ಸುಮಾ, ಮಹೇಶ ಇಬ್ಬರೂ ಇಲ್ಲಿಗೆ ಓದಲು ಬಂದು, ಕಾಯಂ ವಾಸದ ಪಿಆರ್ ಸಿಕ್ಕಿ, ಕೆಲಸ ಹಿಡಿದು, ಈಗ ಬಾಡಿಗೆ ಮನೆಯಲ್ಲಿದ್ದರು. ಆ ಮನೆಯ ಹಾಲಿಗೆ ದಿನವಿಡೀ ಬೆಳಕಿಲ್ಲ. ಹೀಟರ್ ಎದುರು ಕೂತು ಮುಂಗಾಲು ಬೆಚ್ಚಗೆ ಮಾಡಿಕೊಂಡರೆ ಬೆನ್ನು ಕೊರೆಯುತ್ತಿತ್ತು.

"ಈ ಮನೇಲಿ ನಾಲ್ಕು ವಿಂಟರ್ ಕಳೆದಿದೀನಿ ಅತ್ತೆ. ಇನ್ನು ಆಗಲ್ಲ. ಹೊಸ ಮನೇಲಿ ನಂಗೆ ಬೇರೇನೂ ಬೇಡ, ಬಿಸಿಲಲ್ಲಿ ಕೂತು ಕಾಫಿ ಕುಡೀಬೇಕು, ಅಷ್ಟೇ" ಎಂದಳು ಸುಮಾ.

ನಕ್ಷೆ ಬಿಚ್ಚಿದೆ. ಮಹೇಶ ಬಹಳ ಹೊತ್ತು ನೋಡಿ, "ಆಂಟಿ, ಸೂಪರ್. ಅಗ್ನಿಮೂಲೆ, ಈಶಾನ್ಯ ಎಲ್ಲಾ ಕರೆಕ್ಟಾಗಿ ಕೂತಿದೆ. ಅವ್ವಗೆ ಹೇಳಿದ್ರೆ ಕುಣೀತಾಳೆ. ಸೋಮವಾರ ಬಿಲ್ಡರ್‌ಗೆ ಕೊಟ್ಟುಬಿಡ್ತೀನಿ, ಅದೇ ಲಾಸ್ಟ್ ಡೇಟು" ಎಂದ. ಸುಮಾ ಬೆರಳಿನಿಂದಲೇ ಬಾಗಿಲು ತೆರೆದು, ಜಗಲಿ ದಾಟಿ, ಅಂಗಳದಲ್ಲಿ ಕುರ್ಚಿ ಹಾಕಿದಳು. ಅವಳ ಬೆರಳಿನ ಹಿಂದೆ ನಾನೂ ಆ ಮನೆಯೆಲ್ಲ ಓಡಾಡಿದೆ. ಅಷ್ಟು ಸಂತೋಷ ನನಗೆ ರಿಟೈರ್ ಆದ ದಿನದ ಹಾರದಲ್ಲೂ ಸಿಕ್ಕಿರಲಿಲ್ಲ.

"ಶನಿವಾರ ನಿಮಗೊಂದು ಸರ್‌ಪ್ರೈಸ್ ಇದೆ ಅತ್ತೆ. ನಿಮ್ಮ ಸಿಸ್ಟರ್ಸಿಯನ್ ಸನ್ಯಾಸಿಗಳು ಇಲ್ಲೂ ಇದಾರೆ" ಎಂದಳು.

ಬೆಟ್ಟದ ಮಠ

ಮೆಲ್ಬರ್ನ್‌ನ ಪೂರ್ವಕ್ಕೆ, ದ್ರಾಕ್ಷಿ ತೋಟಗಳು ಮುಗಿದು ಬೆಟ್ಟ ಶುರುವಾಗುವ ಕಡೆ ಆ ಸಣ್ಣ ಮಠ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಒಮ್ಮೆಯೂ ಕಣ್ಣಿಂದ ನೋಡಿರಲಿಲ್ಲ. ಯುರೋಪಿಗೆ ಹೋಗುವ ಯೋಗ ಬರಲಿಲ್ಲ.

ಕಾರಿನಿಂದ ಇಳಿದವಳಿಗೆ ಮೊದಲು ನಿರಾಸೆಯೇ ಆಯಿತು. ಕಲ್ಲಿನ ಕಮಾನು ಎಲ್ಲಿ? ತಗಡಿನ ಮಾಡು, ಇಟ್ಟಿಗೆಯ ಗೋಡೆ, ಬೇಲಿಯ ಆಚೆ ಕುರಿ. ಆಮೇಲೆ ಕುರಿ ನೋಡಿ ಸಮಾಧಾನವಾಯಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಪಂಥದವರು ಕುರಿಯ ಉಣ್ಣೆ ಮಾರಿಯೇ ಕಲ್ಲಿನ ಕಮಾನು ಕಟ್ಟಿದ್ದು. ಗೋಧಿ, ಕುರಿ, ನೀರಿನ ಕಾಲುವೆಗಳನ್ನು ನೋಡಿಕೊಳ್ಳಲು ಓದುಬರಹವಿಲ್ಲದ ಸಹೋದರ ಸನ್ಯಾಸಿಗಳ ದೊಡ್ಡ ಪಡೆಯೇ ಇರುತ್ತಿತ್ತು. ಅಂಗಳದ ಪಡುವಣ ಸಾಲಿನಲ್ಲಿ ಅವರದೇ ಬೇರೆ ವಾಸ, ಬೇರೆ ಊಟ. ಸರಳ ಬದುಕಿಗೆಂದು ಕಾಡು ಸೇರಿದವರು ಕೊನೆಗೆ ದೊಡ್ಡ ಜಮೀನ್ದಾರರಾದ ಕತೆ ಅದು. ನಮ್ಮ ಕಡೆಯ ಮಠಗಳ ಬಗ್ಗೆ ನಾನೇನೂ ಹೇಳುವುದಿಲ್ಲ.

ಅತಿಥಿಗಳನ್ನು ನೋಡಿಕೊಳ್ಳುವ ಬ್ರದರ್ ಮೈಕಲ್ ಐರ್ಲೆಂಡಿನ ಮುದುಕ. ಬಿಳಿ ನಿಲುವಂಗಿಯ ಕೆಳಗೆ ರಬ್ಬರ್ ಬೂಟು. ಮಧ್ಯಾಹ್ನದ ಪ್ರಾರ್ಥನೆ ಈಗ ಶುರುವಾಗುತ್ತದೆ, ಬನ್ನಿ ಎಂದು ಕರೆದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆಯೇ ಬಾಗಿಲ ಹೊರಗೆ ಬೂಟು ಕಳಚಿಟ್ಟೆವು. ಹನಿಹನಿ ಜಿನುಗುತ್ತಿತ್ತು. ಸಾಲಾಗಿ ಜೋಡಿಸಿಟ್ಟ ಮೂರು ಜೊತೆಯನ್ನು ಬ್ರದರ್ ಕುತೂಹಲದಿಂದ ನೋಡಿದರು.

ಒಳಗೆ ಬರಿಯ ಗೋಡೆ, ಬಿಳಿಯ ಗಾಜು, ನೆಲದಿಂದ ಏರುವ ಚಳಿ. ಏಳೆಂಟು ಜನ ವಯಸ್ಸಾದವರು ಎದುರುಬದುರು ನಿಂತು ಹಾಡಿದರು. ವಾದ್ಯವಿಲ್ಲ, ಅಬ್ಬರವಿಲ್ಲ. ಒಂದು ಸಾಲು ಇವರು, ಒಂದು ಸಾಲು ಅವರು. ನನ್ನ ಕಣ್ಣು ತುಂಬಿತು. ನಕ್ಷೆಯಲ್ಲಿ ನಾನು ಬರೇ ಗೋಡೆ ಎಳೆಯುತ್ತಿದ್ದೆ. ಗೋಡೆಯ ನಡುವೆ ಧ್ವನಿ ಹೀಗೆ ನಿಲ್ಲುತ್ತದೆ ಎಂದು ವಿದ್ಯಾರ್ಥಿಗಳಿಗೆ ಒಂದು ದಿನವೂ ಹೇಳಿರಲಿಲ್ಲ. ಆದರೆ ಪಾದ ಮಾತ್ರ ಮರಗಟ್ಟಿ ಹೋಗಿತ್ತು.

ಹೊರಗೆ ಬಂದು ನೋಡಿದರೆ ಬೂಟುಗಳಿಲ್ಲ.

"ಮಠದಲ್ಲೂ ಚಪ್ಪಲಿ ಕಳ್ಳರಾ!" ಎಂದು ಸುಮಾ ಬಾಯಿಗೆ ಕೈ ಇಟ್ಟಳು. ಮಹೇಶ ಒಳಗೆ ಹೋಗಿ ವಿಚಾರಿಸಿಕೊಂಡು ಬಂದ. "ಅಯ್ಯೋ, ಕಳ್ತನ ಅಲ್ಲ. ಮಳೇಲಿ ನೆನೀತಿದ್ವಂತೆ. ಬ್ರದರ್ ತಗೊಂಡು ಹೋಗಿ ಬಿಸಿಲಿಗೆ ಇಟ್ಟಿದಾರೆ."

ಅಷ್ಟರಲ್ಲಿ ಮಳೆ ನಿಂತು ಎಳೆಬಿಸಿಲು ಬಂದಿತ್ತು. ಬಿಸಿಲಿಗೆ ತಾನೇ? ಈ ಮಠಗಳಲ್ಲಿ ಬಿಸಿಲು ಎಲ್ಲಿರುತ್ತದೆಂದು ನನಗೆ ಬೇರೆಯವರು ಹೇಳಿಕೊಡಬೇಕೇ? "ಅಂಗಳ ಈ ಕಡೆ, ಬನ್ನಿ" ಎಂದು ಚರ್ಚಿನ ದಕ್ಷಿಣಕ್ಕೆ ಹೊರಟೆ.

"ಅತ್ತೆ, ಅಪ್ರದಕ್ಷಿಣೆ ಆಗತ್ತೆ, ಆ ಕಡೆಯಿಂದ ಹೋಗೋಣ" ಎಂದಳು ಸುಮಾ. ನಾನು ಕೇಳಿದರೆ ತಾನೆ.

ದಕ್ಷಿಣದ ಗೋಡೆಯ ಪಕ್ಕ ಅಂಗಳವಿರಲಿಲ್ಲ. ಪಾಚಿ ಇತ್ತು. ಹುಲ್ಲು ಬೆಳಗಿನಿಂದ ಬಿಸಿಲು ಕಾಣದೆ ತೊಟ್ಟಿಕ್ಕುತ್ತಿತ್ತು. ಕಾಲುಚೀಲ ಒದ್ದೆಯಾಗಿ ಚಳಿ ಹಿಮ್ಮಡಿಯಿಂದ ಮಂಡಿಗೆ ಏರಿತು. ತಲೆಯೆತ್ತಿ ನೋಡಿದೆ. ಚರ್ಚಿನ ನೆರಳು ನನ್ನ ಮೇಲೆ ಬಿದ್ದು, ನನ್ನನ್ನು ದಾಟಿ, ಬೇಲಿಯವರೆಗೂ ಚಾಚಿತ್ತು. ಸೂರ್ಯ ಚರ್ಚಿನ ಆ ಬದಿಗಿದ್ದ. ಉತ್ತರಕ್ಕೆ. ನೆತ್ತಿಯಿಂದ ಕೊಂಚ ಅಲ್ಲ, ಅರ್ಧ ಆಕಾಶ ಕೆಳಗೆ.

ಭೂಮಿಯ ಈ ಅರ್ಧದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ಆರನೇ ಕ್ಲಾಸಿನ ಭೂಗೋಳ. ಶಾರದೆಯ ಉತ್ತರದ ಯೂನಿಟ್ಟಿಗೆ ರೇಟು ಯಾಕೆ ಜಾಸ್ತಿ ಎಂದು ಆಗ ತಿಳಿಯಿತು. ಕುಬೇರನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಇಡೀ ಚರ್ಚು ಸುತ್ತಿ ಉತ್ತರಕ್ಕೆ ಬಂದೆವು. ಅಲ್ಲಿತ್ತು ಅಂಗಳ. ಸುತ್ತ ಮರದ ಕಂಬದ ಜಗಲಿ, ನಡುವೆ ನಿಂಬೆ ಗಿಡ, ಇಟ್ಟಿಗೆಯ ನೆಲದ ತುಂಬ ಬಿಸಿಲು. ಹೊರಗಿನವರು ಒಳಗೆ ಹೋಗುವಂತಿಲ್ಲ. ಬಾಗಿಲ ಬಳಿಯ ಕಟ್ಟೆಯ ಮೇಲೆ ನಮ್ಮ ಬೂಟುಗಳು ಹಬೆಯಾಡುತ್ತಿದ್ದವು. ಸನ್ಯಾಸಿಗಳು ಹಳೆಯ ನಕ್ಷೆಯನ್ನು ಹಾಗೇ ಮಗುಚಿ ಕಟ್ಟಿಕೊಂಡಿದ್ದರು.

"ಎಷ್ಟು ಬೆಚ್ಚಗಿದೆ ಅಲ್ವಾ? ನಮ್ಮ ಅಂಗಳನೂ ಹೀಗೇ ಇರತ್ತೆ" ಎಂದು ಸುಮಾ ಕಟ್ಟೆಯ ಮೇಲೆ ಕೂತು ಮುಖವನ್ನು ಬಿಸಿಲಿಗೆ ಒಡ್ಡಿದಳು.

ನಾನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿಯೇ ಇದ್ದೆ.

ಮತ್ತೆ ಟಾರ್ನೀಟ್

ವಾಪಸು ಬರುವಾಗ ಸಿಸ್ಟರ್ಸಿಯನ್ ಮೌನ ಪಾಲಿಸಿದೆ. ಆಯಾಸ ಎಂದುಕೊಂಡರು ಇಬ್ಬರೂ.

ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಹೇಳುತ್ತೇನೆ. ಸುಮ್ಮನಿದ್ದರೆ ಸೋಮವಾರ ನಕ್ಷೆ ಬಿಲ್ಡರ್ ಕೈಗೆ ಹೋಗುತ್ತದೆ, ವರ್ಷದಲ್ಲಿ ನನ್ನ ಮನೆ ಎದ್ದು ನಿಲ್ಲುತ್ತದೆ. ಎರಡಂತಸ್ತಿನ ನೆರಳಿನಲ್ಲಿ, ಚಳಿಗಾಲವಿಡೀ ಪಾಚಿ ಕಟ್ಟುವ ಅಂಗಳ. ಆದರೂ ಅದು ನನ್ನ ಮನೆ. ಬೇಸಿಗೆಯಲ್ಲಿ ತಂಪಾಗಿರುತ್ತದಲ್ಲ ಎಂದು ಒಂದು ಮನಸ್ಸು ವಕಾಲತ್ತು ವಹಿಸಿತು. ಬಾಯಿ ಬಿಟ್ಟರೆ ಕೆಲಸ ಕೆಟ್ಟಂತೆ. ಮಗುಚಿದ ನಕ್ಷೆಯಲ್ಲಿ ಒಲೆ ಈಶಾನ್ಯಕ್ಕೆ, ದೇವರು ಅಗ್ನಿಮೂಲೆಗೆ ಹೋಗುತ್ತಾರೆ, ದಾವಣಗೆರೆ ಒಪ್ಪುವುದಿಲ್ಲ. ಇನ್ನೊಂದು ಮನೆ ಬರೆಯಲು ಯಾರೂ ನನ್ನನ್ನು ಕರೆಯುವುದೂ ಇಲ್ಲ. ನನಗೆ ಆ ಮನೆ ಬೇಕಿತ್ತು. ಬಹಳ ಬೇಕಿತ್ತು.

ಮನೆಗೆ ಬಂದು ಸುಮಾ ಹೀಟರ್ ಹಾಕಿ, ಅದರ ಮುಂದೆ ಕೈ ಚಾಚಿ ಕೂತಳು. ಮಧ್ಯಾಹ್ನ ಬಿಸಿಲಿಗೆ ಒಡ್ಡಿದ್ದ ಅದೇ ಮುಖ. ತಡೆಯಲಾಗಲಿಲ್ಲ.

"ಪ್ಲಾನ್ ತಪ್ಪಾಗಿದೆ ಕಣೇ" ಎಂದೆ.

ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಬಟರ್ ಪೇಪರನ್ನು ಮೇಲಿನ ಅಂಚು ಕೆಳಕ್ಕೆ ಬರುವಂತೆ ಮಗುಚಿ ಹಾಕಿದೆ. ಹಿಂಬದಿಯಿಂದಲೂ ಗೆರೆ ಕಾಣುತ್ತದೆ. ಅಂಗಳ ಉತ್ತರಕ್ಕೆ ಬಂತು, ಮಿಕ್ಕಿದ್ದೆಲ್ಲ ತಿರುಗುಮುರುಗಾಯಿತು. ಮಹೇಶ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ತಾಯಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಅಲ್ರೀ ಮೇಡಂ," ಎಂದರು ಬೀಗಿತ್ತಿ, "ದೇವ್ರಿಗೆ ಬೆಂಕಿ ಮೂಲಿ, ಒಲಿಗೆ ದೇವ್ರ ಮೂಲಿ ಮಾಡಿದ್ರ ಹೆಂಗ್ರೀ? ನಾ ಅಲ್ಲಿಗೆ ಬಂದು ರೊಟ್ಟಿ ಬಡಿಯಾಕಿ. ಈಶಾನ್ಯದಾಗ ಒಲಿ ಹಚ್ಚಂಗಿಲ್ಲ ನೋಡ್ರಿ."

"ಅವ್ವ, ಇಲ್ಲಿ ಸೂರ್ಯನೇ ಉಲ್ಟಾ" ಎಂದ ಮಹೇಶ.

"ಸೂರ್ಯ ಉಲ್ಟಾ ಆದ್ರ ನೀವೂ ಉಲ್ಟಾ ಆಗ್ತೀರೇನು? ಹುಟ್ಟೋದು ಪೂರ್ವಕ್ಕ ಹೌದಲ್ಲೋ?"

ಭಾನುವಾರವಿಡೀ ಒಲೆಯನ್ನು, ದೇವರನ್ನು, ಮೆಟ್ಟಿಲನ್ನು ಜರುಗಿಸಿ ನೋಡಿದೆ. ಬಿಸಿಲು ಸರಿಯಾದರೆ ಮೂಲೆ ತಪ್ಪುತ್ತಿತ್ತು, ಮೂಲೆ ಸರಿಯಾದರೆ ಅಂಗಳ ಕಿರಿದಾಗಿ ಬಾವಿಯಂತಾಗುತ್ತಿತ್ತು. ಹೊಸದಾಗಿ ಬರೆಯಲು ತಿಂಗಳಾದರೂ ಬೇಕು. ಬಿಲ್ಡರ್ ಕಾಯುವುದಿಲ್ಲ. ಸಂಜೆ ಮಹೇಶ ಸಂಕೋಚದಿಂದ ಬಿಲ್ಡರ್‌ನ ಕೆಟಲಾಗ್ ತಂದಿಟ್ಟ. ಸಿದ್ಧ ಮನೆಗಳು. ಅಂಗಳವಿಲ್ಲ.

ಅದರಲ್ಲಿದ್ದ ಒಂದು ಮನೆ ಇವರ ಜಾಗಕ್ಕೆ ಹೊಂದುತ್ತಿತ್ತು. ರಸ್ತೆ ಪೂರ್ವಕ್ಕೆ, ಹಿಂದೆ ಪಶ್ಚಿಮಕ್ಕೆ ಅಡುಗೆಮನೆ ಮತ್ತು ಕೂರುವ ಹಾಲು. ಆದರೆ ಅವು ದಕ್ಷಿಣದ ಬದಿಗಿದ್ದು, ಬಿಸಿಲಿನ ಉತ್ತರದ ಬದಿಗೆ ಗ್ಯಾರೇಜ್ ಕೂತಿತ್ತು. ಕಾರಿಗೆ ಬಿಸಿಲು, ಮನುಷ್ಯರಿಗೆ ಚಳಿ. ಕೆಂಪು ಪೆನ್ಸಿಲಿನಲ್ಲಿ ಅದರ ಪಕ್ಕದಲ್ಲೇ ಎಡಬಲ ಬದಲಿಸಿ ಬರೆದು ತೋರಿಸಿದೆ.

"ಇದನ್ನ ಕನ್ನಡಿಯಲ್ಲಿ ನೋಡಿದ ಹಾಗೆ ಕಟ್ಟಲು ಹೇಳು. ಹಾಲಿಗೆ ದಿನವಿಡೀ ಬಿಸಿಲು. ಅಡುಗೆಮನೆ ವಾಯುವ್ಯಕ್ಕೆ ಬರತ್ತೆ, ಮುಂದಿನ ಈಶಾನ್ಯದ ಕೋಣೆ ದೇವರಿಗೆ."

ಮತ್ತೆ ಫೋನ್. "ವಾಯುವ್ಯ ನಡಿತೈತಿ ಬಿಡ್ರಿ" ಎಂದು ದಾವಣಗೆರೆಯಿಂದ ಮಂಜೂರಾತಿ ಬಂತು.

ಸುಮಾ ನನ್ನ ಬಟರ್ ಪೇಪರನ್ನು ಮಡಿಸದೆ, ಸುಕ್ಕಾಗದ ಹಾಗೆ ಸುರುಳಿ ಸುತ್ತಿದಳು. "ನಿಮಗೆ ಬೇಜಾರಾಯ್ತಾ ಅತ್ತೆ?" ಎಂದಳು. ಹೂಂ ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ.

ಹೊರಡುವ ದಿನ

ಮೈಸೂರಿಗೆ ಹೊರಡುವ ಮುನ್ನ ಮತ್ತೆ ಎಪ್ಪಿಂಗ್. ಶಾರದೆಯ ಬಾಲ್ಕನಿಯಲ್ಲಿ ಈಗ ಎಲ್ಲ ತಿಳಿದವಳ ಹಾಗೆ ಉತ್ತರಕ್ಕೆ ಮುಖ ಮಾಡಿ ಕೂತಿದ್ದೆ. ಶಾರದೆಗೆ ಕತೆ ಹೇಳಿದರೆ ಅವಳು ಪಾಪ ಎನ್ನುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವ ಮಾತೇ. ಆದರೂ ಸೂಟ್‌ಕೇಸ್ ತುಂಬುವಾಗ ಆ ಕೊಳವೆಯನ್ನು ಮುಟ್ಟಲು ಮನಸ್ಸಾಗದೆ ಸುಮಾಳ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಮಧ್ಯಾಹ್ನ ಮಹೇಶನ ಫೋನ್ ಬಂತು. ಬಿಲ್ಡರ್ ಆಫೀಸಿನಿಂದ ಆಗತಾನೆ ಹೊರಗೆ ಬಂದಿದ್ದ. ಸೋಮವಾರ ಕೊಟ್ಟ ಪ್ಲಾನಿಗೆ ಇವತ್ತು ಸೈನ್ ಆಯಿತು, ಮನೆಯನ್ನು ಮಗುಚಿ ಕಟ್ಟಲು ಒಪ್ಪಿದರು ಎಂದ.

"ಅಲ್ಲಿ ಡೆಸ್ಕಲ್ಲಿ ಇದ್ದೋಳು ಕೇಳಿದ್ಲು ಆಂಟಿ. ಎಲ್ಲರೂ ಟೈಲ್ಸ್ ಚೇಂಜ್ ಮಾಡಿ, ಬಣ್ಣ ಚೇಂಜ್ ಮಾಡಿ ಅಂತ ಬರ್ತಾರೆ. ನೀವು ಇಡೀ ಮನೇನೇ ತಿರುಗಿಸಿ ಅಂತಿದೀರಲ್ಲ, ಇದು ಯಾರ ಐಡಿಯಾ ಅಂತ."

"ನೀನೇನಂದೆ?"

"ನಮ್ಮ ಆರ್ಕಿಟೆಕ್ಟ್ ಹೇಳಿದಾರೆ ಅಂದೆ."

ಶಾರದೆ ಒಳಗಿನಿಂದ ಯಾರದೇ ಫೋನು ಎಂದು ಕೂಗುತ್ತಿದ್ದಳು.

"ಹಲೋ, ಆಂಟಿ? ಕಟ್ ಆಯ್ತಾ? ಕೇಳಿಸ್ತಾ ನಾನು ಹೇಳಿದ್ದು?"

"ಕೇಳಿಸ್ತು" ಎಂದೆ. "ಆದ್ರೂ ಇನ್ನೊಂದ್ಸಲ ಹೇಳು."